‘ಸಂಪರ್ಕ ತಪ್ಪಿದೆ’ ಎಂದು ನಾನೇ ಬರೆದೆ, ಅವರು ಎಲ್ಲಿದ್ದರೆಂದು ನನಗೆ ಗೊತ್ತಿತ್ತು

ಹೊರಬಾಗಿಲು:
ಎರಡೂವರೆ ವರ್ಷ ರಕ್ತದೊತ್ತಡದ ಒಂದು ಟ್ರಯಲ್‌ನಲ್ಲಿ ಫೀಲ್ಡ್ ಕೆಲಸ ಮಾಡಿದೆ. ಬಿಪಿ ಮೆಷಿನ್ನು, ತೂಕದ ಯಂತ್ರ, ಟ್ಯಾಬ್ಲೆಟ್ಟು, ರಟ್ಟಿನ ಒಂದು ನೋಟ್‌ಬುಕ್ಕು ಹೊತ್ತು ಹಳ್ಳಿ ಹಳ್ಳಿ ತಿರುಗೋದು. ಎರಡು ಬಗೆಯ ಮಾತ್ರೆ ಕ್ರಮಗಳ ಹೋಲಿಕೆ. ಪೊಟ್ಟಣ ನೋಡೋಕೆ ಎರಡೂ ಒಂದೇ ಥರ. ಯಾರಿಗೆ ಯಾವುದು ಹೋಗುತ್ತಿದೆ ಅಂತ ನುಂಗುವವರಿಗೂ ಗೊತ್ತಿಲ್ಲ, ಅಳೆಯುವ ನಮಗೂ ಗೊತ್ತಿಲ್ಲ.

ತಿಂಗಳಿಗೊಮ್ಮೆ ಕ್ಯಾಂಪ್. ದಿನ ಗೊತ್ತು ಮಾಡುವುದು ನಮ್ಮ ಗಾಡಿ ಯಾವಾಗ ಬಿಡುವಾಗಿರುತ್ತೆ ಅನ್ನೋದರ ಮೇಲೆ, ಅವರಿಗೆ ಯಾವಾಗ ಬಿಡುವು ಅನ್ನೋದರ ಮೇಲೆ ಅಲ್ಲ. ಮೂರು ಸಲ ಬರದಿದ್ದರೆ ಟ್ಯಾಬ್ಲೆಟ್ಟಿನಲ್ಲಿ ‘ಸಂಪರ್ಕ ತಪ್ಪಿದೆ’ ಒತ್ತಬೇಕು. ನನ್ನ ಪಾಲಿನ ಊರುಗಳಲ್ಲಿ ಹಾಗೆ ಒತ್ತಿದ್ದು 19 ಹೆಸರಿಗೆ. ಅವರಲ್ಲಿ ಒಬ್ಬರೂ ಕಳೆದುಹೋಗಿರಲಿಲ್ಲ. ಒಬ್ಬಾಕೆ ಹಾಸಿಗೆ ಹಿಡಿದ ಅತ್ತೆಯನ್ನು ಬಿಟ್ಟು ಬರಲಾರಳು. ಇಬ್ಬರು ಅಣ್ಣತಮ್ಮಂದಿರು ಕೂಲಿಗೆ ಹೊರಗಡೆ. ಒಬ್ಬ ಅಜ್ಜ ಬಿಸಿಲಲ್ಲಿ ನಡೆದು ಬಂದ ದಿನ ಅವರ ತೋಳಿಗೆ ನಮ್ಮ ಬಿಪಿ ಮೆಷಿನ್ನಿನ ಪಟ್ಟಿ ಸಾಲಲಿಲ್ಲ, ದೊಡ್ಡ ಪಟ್ಟಿ ಇನ್ನೊಂದು ತಂಡದ ಹತ್ತಿರ ಇತ್ತು. ‘ಮುಂದಿನ ತಿಂಗಳು ಬನ್ನಿ ಅಜ್ಜ’ ಅಂದೆ. ಅವರು ಮತ್ತೆ ಬರಲೇ ಇಲ್ಲ. ನಾನಾಗಿದ್ದರೂ ಬರುತ್ತಿರಲಿಲ್ಲ.

ಮೊನ್ನೆ ಪೇಪರ್ ಪ್ರಕಟವಾಯಿತು. ಮೊದಲ ಸಾಲಿನಲ್ಲೇ ‘ಗ್ರಾಮೀಣ ಆರೋಗ್ಯದ ಅಸಮಾನತೆ ತಗ್ಗಿಸಲು’ ಅಂತಿದೆ. ನಮ್ಮ ಕೆಲಸಕ್ಕೆ ‘ಟ್ರಾನ್ಸ್‌ಲೇಷನಲ್ ಸಂಶೋಧನೆ’ ಅಂತ ಹೆಸರು, ಅಂದರೆ ಲ್ಯಾಬಿನಲ್ಲಿ, ಆಸ್ಪತ್ರೆಯಲ್ಲಿ ತಿಳಿದದ್ದನ್ನು ಜನರ ಬಳಕೆಗೆ ತರುವುದು. ಊರಿನವರಿಗೆ ಯಾರೂ ಏನೂ ಹೇಳಿಲ್ಲ. ಇಂಥ ಸಂಶೋಧನೆಯಿಂದ ಅಸಮಾನತೆ ನಿಜಕ್ಕೂ ಕಡಿಮೆಯಾಗುತ್ತಾ? ಇಲ್ಲಿ ವೈದ್ಯರೂ ಇದ್ದೀರಿ, ಲೆಕ್ಕದವರೂ ಇದ್ದೀರಿ. ಮುಲಾಜಿಲ್ಲದೆ ಹೇಳಿ.

ಪ್ರಶ್ನೆಚಿಹ್ನೆ:
ಮುಲಾಜಿಲ್ಲದೆ ಹೇಳ್ತೀನಿ. ಇಲ್ಲ. ಹಳ್ಳಿಗೆ ಏನು ಬೇಕು ಅಂತ ಎಲ್ಲರಿಗೂ ಗೊತ್ತು ಸ್ವಾಮಿ. ಡಾಕ್ಟ್ರು, ಔಷಧಿ, ಆಂಬ್ಯುಲೆನ್ಸ್ ಓಡಾಡೋಕೆ ರಸ್ತೆ. ಆ ದುಡ್ಡನ್ನ ಇದಕ್ಕೆ ಹಾಕಿ. ‘ಟ್ರಾನ್ಸ್‌ಲೇಷನಲ್ ಸಂಶೋಧನೆ’ ಅಂತೆ! ಅಳಿಯ ಅಲ್ಲ, ಮಗಳ ಗಂಡ. ಹೆಸರು ಬದಲಾಯಿಸಿದ್ರೆ ಹೊಸ ಗ್ರಾಂಟ್ ಸಿಗುತ್ತೆ, ಅಷ್ಟೇ.

ಸಂಜೆ_ಒಪಿಡಿ:
ಹೊರಬಾಗಿಲು ಮೇಡಂ, ನೀವು ಹೇಳಿದ ಪಟ್ಟಿಯ ಕಥೆ ಓದಿ ತಲೆ ತಗ್ಗಿಸಿದೆ. ನಮ್ಮ ಒಪಿಡಿಯಲ್ಲೂ ದೊಡ್ಡ ಪಟ್ಟಿ ಇಲ್ಲದೆ ಎಷ್ಟು ದಿನ ತಪ್ಪು ಅಳತೆ ಬರೆದಿದ್ದೇವೋ.

ಆದರೆ ಪ್ರಶ್ನೆಚಿಹ್ನೆ ಅವರ ‘ಎಲ್ಲರಿಗೂ ಗೊತ್ತು’ ಅನ್ನುವ ಮಾತಿದೆಯಲ್ಲ, ಅದರ ಬಗ್ಗೆ ನನಗೆ ಭಯ ಇದೆ. ಯಾಕೆ ಅಂತ ಒಂದು ಉದಾಹರಣೆ ಹೇಳ್ತೇನೆ, ಸ್ವಲ್ಪ ಉದ್ದ ಆಗುತ್ತೆ.

ದಿನ ತುಂಬುವ ಮೊದಲೇ ಹೆರಿಗೆಯಾಗುವ ಸೂಚನೆ ಇದ್ದರೆ ತಾಯಿಗೆ ಸ್ಟೀರಾಯ್ಡ್ ಚುಚ್ಚುಮದ್ದು ಕೊಡುತ್ತೇವೆ. ಮಗುವಿನ ಶ್ವಾಸಕೋಶ ಬೇಗ ಬಲಿಯುತ್ತದೆ. ಇದನ್ನು ಮೊದಲು ತೋರಿಸಿಕೊಟ್ಟವರು ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೋವಿ, 1972ರಲ್ಲಿ. ಆಮೇಲೆ ಒಂದರ ಹಿಂದೊಂದು ಟ್ರಯಲ್, ಎಲ್ಲವೂ ಹೆಚ್ಚುಕಡಿಮೆ ದೊಡ್ಡ ಆಸ್ಪತ್ರೆಗಳಲ್ಲಿ. ಅಗ್ಗದ ಔಷಧಿ, ಒಳ್ಳೆಯ ಫಲ. ಹಳ್ಳಿಗೂ ಒಯ್ಯೋಣ ಅಂತ ಯಾರಿಗಾದರೂ ಅನಿಸುತ್ತೆ. ನನಗೂ ಅನಿಸಿತ್ತು. ‘ಎಲ್ಲರಿಗೂ ಗೊತ್ತಿದ್ದ’ ಸಂಗತಿ ಅದು.

ಪುಣ್ಯಕ್ಕೆ ಹಾಗೇ ಹಂಚಿಬಿಡದೆ ಮೊದಲು ಪರೀಕ್ಷೆಗೆ ಹಚ್ಚಿದರು. ಅರ್ಜೆಂಟೀನಾ, ಗ್ವಾಟೆಮಾಲಾ, ಭಾರತ, ಕೀನ್ಯಾ, ಪಾಕಿಸ್ತಾನ, ಜಾಂಬಿಯಾ ಈ ಆರು ದೇಶಗಳಲ್ಲಿ, ಹತ್ತಿರ ಹತ್ತಿರ ಒಂದು ಲಕ್ಷ ಹೆರಿಗೆಗಳ ಮೇಲೆ. ಎಸಿಟಿ ಟ್ರಯಲ್ ಅಂತ ಹೆಸರು, ಫಲಿತಾಂಶ ಬಂದದ್ದು 2015ರಲ್ಲಿ. ಸ್ಕ್ಯಾನಿಂಗ್ ಇಲ್ಲದ ಕಡೆ ಎಷ್ಟು ವಾರ ತುಂಬಿದೆ ಅಂತ ತಿಳಿಯುವುದು ಹೇಗೆ? ಬಣ್ಣದ ಪಟ್ಟೆಗಳಿದ್ದ ಟೇಪು ಕೊಟ್ಟಿದ್ದರು. ಹೊಟ್ಟೆಯ ಮೇಲೆ ಇಟ್ಟು ಗರ್ಭಕೋಶದ ಎತ್ತರ ಅಳೆದು, ಯಾವ ಬಣ್ಣಕ್ಕೆ ಬರುತ್ತೆ ಅಂತ ನೋಡಿ ಚುಚ್ಚುಮದ್ದು.

ಅತಿ ಕಡಿಮೆ ತೂಕದ ಮಕ್ಕಳ ಸಾವು ಕಡಿಮೆಯಾಗಲಿಲ್ಲ. ಒಟ್ಟು ನವಜಾತ ಶಿಶುಗಳನ್ನು ತೆಗೆದುಕೊಂಡರೆ ಸಾವು ಹೆಚ್ಚಾಯಿತು! ಸಾವಿರಕ್ಕೆ 23.9 ಇದ್ದದ್ದು ಚುಚ್ಚುಮದ್ದು ಪ್ರಚಾರ ಮಾಡಿದ ಕಡೆ 27.4. ತಾಯಂದಿರಲ್ಲಿ ಸೋಂಕಿನ ಅನುಮಾನವೂ ಹೆಚ್ಚು. ದಿನ ತುಂಬಿದ್ದ ಎಷ್ಟೋ ಹೆಂಗಸರಿಗೂ ಔಷಧಿ ಹೋಗಿತ್ತು.

ಮುಂದೆ 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಆ್ಯಕ್ಷನ್-1 ಟ್ರಯಲ್ ಬಂತು. ಅದೂ ಬಡ ದೇಶಗಳಲ್ಲೇ. ಆದರೆ ಸ್ಕ್ಯಾನಿಂಗ್ ಮಾಡಿ ವಾರ ಖಚಿತಪಡಿಸಿಕೊಂಡು, ಕೂಸಿನ ಆರೈಕೆಗೆ ವ್ಯವಸ್ಥೆ ಇದ್ದ ಆಸ್ಪತ್ರೆಗಳಲ್ಲಿ. ಅಲ್ಲಿ ಸಾವು ಶೇ 23.5ರಿಂದ 19.6ಕ್ಕೆ ಇಳಿಯಿತು. ಲಾಭ ಸ್ಪಷ್ಟವಾದ್ದರಿಂದ ಟ್ರಯಲ್ಲನ್ನು ಅವಧಿಗೆ ಮೊದಲೇ ನಿಲ್ಲಿಸಿದರು.

ಅದೇ ಚುಚ್ಚುಮದ್ದು. ಒಂದು ಕಡೆ ಉಳಿಸಿತು, ಇನ್ನೊಂದು ಕಡೆ ಉಳಿಸಲಿಲ್ಲ. ಆಸ್ಪತ್ರೆಯನ್ನು ಅಲ್ಲೇ ಬಿಟ್ಟು ಔಷಧಿಯನ್ನು ಮಾತ್ರ ಹಳ್ಳಿಗೆ ತಂದರೆ ಏನಾಗುತ್ತೆ ಅಂತ ತಿಳಿದದ್ದು ಹಳ್ಳಿಯಲ್ಲೇ ಅಳೆದದ್ದರಿಂದ. ಟ್ರಾನ್ಸ್‌ಲೇಷನಲ್ ಅನ್ನುವ ಪದ ನನಗೂ ಬಾಯಿಗೆ ಹಿತ ಇಲ್ಲ. ಕೆಲಸ ಮಾತ್ರ ಇದು.

ಪ್ರಶ್ನೆಚಿಹ್ನೆ:
ಸರಿ ಡಾಕ್ಟ್ರೇ, ಇದು ಗೊತ್ತಿರಲಿಲ್ಲ. ಆದ್ರೆ ಇನ್ನೊಂದು ಕೇಳ್ತೀನಿ. ಜಾರ್ಖಂಡಿನಲ್ಲಿ ಟಿಬಿ ರೋಗಿಗಳ ಮನೆಗೆ ದಿನಸಿ ಕೊಟ್ಟು ನೋಡಿದ್ರಂತಲ್ಲ? ಹೊಟ್ಟೆಗೆ ಹಾಕಿದ್ರೆ ರೋಗ ಕಡಿಮೆ ಆಗುತ್ತೆ ಅಂತ ತಿಳಿಯೋಕೂ ಟ್ರಯಲ್ ಬೇಕಾ? ಯಾವ ಅಜ್ಜಿನ ಕೇಳಿದ್ರೂ ಹೇಳ್ತಿದ್ಲು.

ಅಂಕಿಬೆಕ್ಕು:
ಅಜ್ಜಿ ‘ಕಡಿಮೆ ಆಗುತ್ತೆ’ ಅಂತಾಳೆ. ‘ಎಷ್ಟು’ ಅಂತ ಹೇಳಲ್ಲ. ಹಣಕಾಸಿನ ಫೈಲಿಗೆ ಬೇಕಾಗೋದು ಎಷ್ಟು ಅನ್ನೋದು.

ನೀವು ಹೇಳಿದ್ದು ರೇಷನ್ಸ್ ಟ್ರಯಲ್. ಶುರುವಾದದ್ದು 2019ರಲ್ಲಿ, ಪ್ರಕಟವಾದದ್ದು 2023ರಲ್ಲಿ. ರೋಗಿಗಳ ಜೊತೆ ವಾಸವಿದ್ದ 10,345 ಮಂದಿಯನ್ನು ಹಿಂಬಾಲಿಸಿದರು. ಮನೆಮಂದಿಗೂ ದಿನಸಿ ಕೊಟ್ಟ ಕಡೆ ಹೊಸದಾಗಿ ಟಿಬಿ ಬರುವುದು ಶೇ 39ರಷ್ಟು ಕಡಿಮೆ. ಕಫ ಪರೀಕ್ಷೆಯಲ್ಲಿ ಖಚಿತವಾಗುವ, ಇನ್ನೊಬ್ಬರಿಗೆ ಹರಡುವ ಬಗೆಯ ಶ್ವಾಸಕೋಶದ ಟಿಬಿಯಂತೂ ಶೇ 48ರಷ್ಟು ಕಡಿಮೆ. ಲಸಿಕೆಯೊಂದು ಇಷ್ಟು ಮಾಡಿದ್ದರೆ ಮೊದಲ ಪುಟದ ಸುದ್ದಿ ಆಗ್ತಿತ್ತು. ಅಕ್ಕಿಬೇಳೆ ಅಲ್ವಾ, ಯಾರೂ ಪಟಾಕಿ ಹೊಡೆಯಲಿಲ್ಲ.

ಈಗ ಹೊರಬಾಗಿಲು ಅವರ 19 ಹೆಸರಿಗೆ ಬರ್ತೀನಿ. ನನಗೆ ಈ ಚರ್ಚೆಯ ತಿರುಳು ಅದೇ. ನಮ್ಮಂಥ ಲೆಕ್ಕದವರ ಕಡೆ ಬರುವಾಗ ಅದೊಂದು ಖಾಲಿ ಚೌಕ ಆಗಿರುತ್ತೆ. ಕಾಲ್ಪನಿಕ ಲೆಕ್ಕ ಹಾಕೋಣ. ನೂರು ಜನ ಸೇರಿದರು, ಕೊನೆಗೆ ಎಂಬತ್ತು ಜನ ಬಂದರು. ಬಂದವರಲ್ಲಿ ಅರವತ್ತು ಮಂದಿಗೆ ಬಿಪಿ ಹತೋಟಿಗೆ ಬಂದಿದೆ. ಶೇ 75 ಯಶಸ್ಸು ಅಂತ ಬರೀತೀವಿ. ಬಾರದ ಇಪ್ಪತ್ತು ಜನರಲ್ಲಿ ನಾಲ್ವರಿಗೆ ಮಾತ್ರ ಹತೋಟಿಯಲ್ಲಿದ್ದರೆ ನಿಜವಾದ ಸಂಖ್ಯೆ 64. ಆ ಹನ್ನೊಂದು ಅಂಕ ಎಲ್ಲಿಂದ ಬಂತು? ದೂರದ ಮನೆಯವರನ್ನು, ಕೂಲಿಗೆ ಹೋದವರನ್ನು, ಅತ್ತೆಯನ್ನು ಬಿಟ್ಟು ಬರಲಾಗದವಳನ್ನು ಲೆಕ್ಕದಿಂದ ಬಿಟ್ಟಿದ್ದರಿಂದ. ಅಂದರೆ ಅಸಮಾನತೆ ಯಾರ ಮೈಮೇಲಿದೆಯೋ ಅವರೇ ಅಸಮಾನತೆಯ ಅಧ್ಯಯನದಿಂದ ಹೊರಗೆ.

ಬಿಟ್ಟುಹೋದ ಅಂಕಿಗಳನ್ನು ಅಂದಾಜಿಸಿ ತುಂಬುವ ವಿಧಾನಗಳು ನಮ್ಮ ಹತ್ತಿರ ಇವೆ. ಅವು ನಿಂತಿರೋದು ‘ಬಾರದವರು ಬಂದವರ ಹಾಗೇ ಇದ್ದಾರೆ’ ಅನ್ನೋ ಊಹೆಯ ಮೇಲೆ; ವಯಸ್ಸು, ಮೊದಲ ಬಿಪಿ ಇತ್ಯಾದಿ ಹೊಂದಿಸಿಕೊಂಡ ಮೇಲೂ ಹೆಚ್ಚಾಗಿ ಅದೇ ಊಹೆ. ಹೊರಬಾಗಿಲಿನಂಥವರ ನೋಟ್‌ಬುಕ್ಕಿನ ಅಂಚಿನಲ್ಲಿ ‘ಯಾಕೆ ಬರಲಿಲ್ಲ’ ಅಂತ ಒಂದು ಪದ ಬರೆದಿದ್ದರೆ ಅದು ನನ್ನ ಎಲ್ಲ ಸಾಫ್ಟ್‌ವೇರಿಗಿಂತ ಹೆಚ್ಚು ಬೆಲೆಬಾಳುತ್ತೆ. ಆ ಪದ ಬರೆಯೋಕೆ ಟ್ಯಾಬ್ಲೆಟ್ಟಿನಲ್ಲಿ ಜಾಗ ಇರಲ್ಲ. ಫಾರಂ ಮಾಡುವಾಗ ನಮ್ಮಂಥವರೇ ತೆಗೆದುಹಾಕಿರ್ತೀವಿ.

ಹೆರಿಗೆ_ವಾರ್ಡು:
ನಾನು ಸ್ಟಾಫ್ ನರ್ಸ್. ಪ್ರಶ್ನೆಚಿಹ್ನೆ ಸರ್, ‘ಔಷಧಿ ಕೊಡಿ’ ಅಂದ್ರಲ್ಲ, ಹೆರಿಗೆ ಆದ ಮೇಲೆ ರಕ್ತ ನಿಲ್ಲಿಸೋಕೆ ಆಕ್ಸಿಟೋಸಿನ್ ಚುಚ್ಚುಮದ್ದು ಕೊಟ್ಟಿದ್ದಾರೆ. 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ರಾತ್ರಿಯೆಲ್ಲ ಕರೆಂಟ್ ಹೋದ್ರೆ ಬೆಳಿಗ್ಗೆ ಆ ಆಂಪೂಲಿನಲ್ಲಿ ಎಷ್ಟು ಶಕ್ತಿ ಉಳಿದಿದೆ ಅಂತ ಯಾರಿಗೆ ಗೊತ್ತು? ನೋಡೋಕೆ ನೀರಿನ ಹಾಗೇ ಇರುತ್ತೆ. ಕೊಡ್ತೀವಿ. ರಕ್ತ ನಿಲ್ಲಲ್ಲ.

ಅದಕ್ಕೇ ಬೆಳಗಾವಿ ಕಡೆಯ ಹಳ್ಳಿಗಳಲ್ಲಿ ಮಾಡಿದ ಮಿಸೊಪ್ರೊಸ್ಟಾಲ್ ಟ್ರಯಲ್ ನೆನಪಾಗುತ್ತೆ. ಫಲಿತಾಂಶ 2006ರಲ್ಲಿ ಬಂತು. 1,620 ಬಾಣಂತಿಯರು. ಇದೂ ರಕ್ತ ನಿಲ್ಲಿಸೋಕೇ, ಆದ್ರೆ ಮಾತ್ರೆ, ಫ್ರಿಜ್ ಬೇಡ, ಸೂಜಿ ಬೇಡ. ಕೊಟ್ಟವರು ಡಾಕ್ಟರ್ ಅಲ್ಲ, ನಮ್ಮಂಥ ಎಎನ್ಎಂಗಳು (ಹಳ್ಳಿಯ ಕಿರಿಯ ಆರೋಗ್ಯ ಸಹಾಯಕಿಯರು), ಮನೆಯಲ್ಲೋ ಉಪಕೇಂದ್ರದಲ್ಲೋ ಆದ ಹೆರಿಗೆಗಳಲ್ಲಿ. ಅತಿ ರಕ್ತಸ್ರಾವ ಶೇ 12ರಿಂದ 6.4ಕ್ಕೆ ಇಳೀತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಉಪಯೋಗಕ್ಕೆ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸ್ತು. ಯಾವ ಲೋಟದಲ್ಲಿ ನೀರು ಕೊಟ್ಟು ನುಂಗಿಸಬೇಕು ಅನ್ನೋ ಮಟ್ಟಕ್ಕೆ ಯೋಚಿಸಬೇಕಾದ ಕೆಲಸ ಅದು.

ಇನ್ನೊಂದು ಹೇಳ್ತೀನಿ, ನನ್ನ ಕೈಯಾರೆ ನೋಡಿದ್ದು. ಹೆರಿಗೆ ಆದ ಮೇಲೆ ರಕ್ತ ಎಷ್ಟು ಹೋಯ್ತು ಅಂತ ನಾವು ಬರಿಗಣ್ಣಲ್ಲಿ ಅಂದಾಜು ಮಾಡ್ತಿದ್ವಿ. ಬಟ್ಟೆ ನೆನೆದಿದೆ, ನೆಲದ ಮೇಲೆ ಇಷ್ಟಗಲ ಇದೆ, ‘ಮುನ್ನೂರು ಇರಬಹುದು’ ಅಂತ ಬರೆಯೋದು. ಯಾವತ್ತೂ ಕಡಿಮೆನೇ ಬರೀತೀವಿ, ಹೆದರಿಕೆಗೋ ಅಭ್ಯಾಸಕ್ಕೋ. ಆಮೇಲೆ ಸೊಂಟದ ಕೆಳಗೆ ಹಾಸುವ ಪ್ಲಾಸ್ಟಿಕ್ ಹಾಳೆ ಬಂತು. ಕೆಳಗೆ ಚೀಲದ ಹಾಗೆ ಇಳಿಬಿದ್ದಿರುತ್ತೆ, ಅದರ ಮೇಲೆ ಗೆರೆಗಳು. ಮೊದಲ ದಿನ ಗೆರೆ ನೋಡಿ ನಾನೂ ಆಯಾನೂ ಮುಖ ಮುಖ ನೋಡಿಕೊಂಡ್ವಿ. ನಾನು ಮನಸ್ಸಿನಲ್ಲಿ ಅಂದುಕೊಂಡದ್ದಕ್ಕಿಂತ ಹತ್ತಿರ ಹತ್ತಿರ ಎರಡರಷ್ಟಿತ್ತು. ಹಾಗಾದ್ರೆ ಇಷ್ಟು ವರ್ಷ?

ಇದರ ಟ್ರಯಲ್ ಹೆಸರು ಇ-ಮೋಟಿವ್. ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ಟಾಂಜಾನಿಯಾದ 80 ಆಸ್ಪತ್ರೆ, ಎರಡು ಲಕ್ಷಕ್ಕೂ ಹೆಚ್ಚು ಹೆಂಗಸರು, 2023. ಹಾಳೆ ಹಾಸಿ ಅಳೆದು, ಗೆರೆ ದಾಟಿದ ಕೂಡಲೇ ಗರ್ಭಕೋಶದ ಮಸಾಜು, ಔಷಧಿ, ರಕ್ತ ನಿಲ್ಲೋಕೆ ಟ್ರಾನೆಕ್ಸಾಮಿಕ್ ಆಸಿಡ್, ಡ್ರಿಪ್ಪು, ಪರೀಕ್ಷೆ ಎಲ್ಲಾ ಒಟ್ಟಿಗೆ. ಒಂದು ಮಾಡಿ ನೋಡೋಣ, ಆಗದಿದ್ರೆ ಇನ್ನೊಂದು ಅನ್ನೋ ಹಾಗಿಲ್ಲ. ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ಕೊಯ್ಯುವುದು, ಅದರಿಂದ ಸಾವು ಮೂರೂ ಸೇರಿ ಶೇ 4.3 ಇದ್ದದ್ದು 1.6. ಇದರಲ್ಲಿ ಹೊಸ ಔಷಧಿ ಒಂದೂ ಇಲ್ಲ, ಗಮನಿಸಿ.

ಡಿಜಿಟಲ್‌ಮಿತ್ರ:
ಇಷ್ಟೆಲ್ಲ ಯಾಕೆ? ಪ್ರತಿಯೊಬ್ಬರ ಕೈಗೂ ಒಂದು ಆ್ಯಪ್ ಕೊಟ್ಟರೆ ಬಿಪಿ ತಾನೇ ಅಪ್‌ಲೋಡ್ ಆಗುತ್ತೆ. ಫಾಲೋ-ಅಪ್ ಸಮಸ್ಯೆಯೇ ಇರಲ್ಲ.

ಅಂಕಿಬೆಕ್ಕು:
ಫೋನ್ ಇದ್ದವರು, ಫೋನ್ ಸ್ವಂತದ್ದು ಆಗಿದ್ದವರು, ಓದಬಲ್ಲವರು, ಸಿಗ್ನಲ್ ಸಿಗುವವರು. ಇವರಿಗೆ ಸಮಸ್ಯೆ ಇರಲ್ಲ, ನಿಜ. ಮೊದಲೂ ಇರಲಿಲ್ಲ.

ಹೆರಿಗೆ_ವಾರ್ಡು:
😂

ಸಂಜೆ_ಒಪಿಡಿ:
ತಂತ್ರಜ್ಞಾನವನ್ನು ಪೂರ್ತಿ ತಳ್ಳಿಹಾಕಬೇಡಿ, ಯಾರ ಕೈಗೆ ಕೊಡುತ್ತೀರಿ ಅನ್ನೋದು ಮುಖ್ಯ. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಸಂಜೀವ್ ಅರೋರಾ ಅಂತ ಲಿವರ್ ತಜ್ಞರು. ಹೆಪಟೈಟಿಸ್ ಸಿ ರೋಗಿಗಳು ನೂರಾರು ಮೈಲಿ ದೂರದಿಂದ ಬಂದು ತಿಂಗಳುಗಟ್ಟಲೆ ಸರದಿ ಕಾಯುತ್ತಿದ್ದರು. 2003ರಲ್ಲಿ ಅವರು ಪ್ರಾಜೆಕ್ಟ್ ಎಕೋ ಶುರು ಮಾಡಿದರು. ವಿಡಿಯೊದಲ್ಲಿ ನೋಡಿದ್ದು ರೋಗಿಯನ್ನಲ್ಲ. ವಾರಕ್ಕೊಮ್ಮೆ ಹಳ್ಳಿಗಾಡಿನ ವೈದ್ಯರು, ನರ್ಸುಗಳ ಜೊತೆ ಕೂತು ಒಂದೊಂದೇ ಕೇಸು ಚರ್ಚಿಸಿ ಅವರನ್ನೇ ತಯಾರು ಮಾಡಿದರು. 2011ರಲ್ಲಿ 407 ರೋಗಿಗಳ ಹೋಲಿಕೆ ಪ್ರಕಟವಾಯಿತು. ವಿಶ್ವವಿದ್ಯಾಲಯದ ಕ್ಲಿನಿಕ್ಕಿನಲ್ಲಿ ಗುಣವಾದವರು ಶೇ 57.5, ಹಳ್ಳಿ ಕ್ಲಿನಿಕ್ಕುಗಳು ಮತ್ತು ಜೈಲುಗಳಲ್ಲಿ ಶೇ 58.2. ತಜ್ಞರಿಗೆ ಸರಿಸಮ.

ಚೀನಾದಲ್ಲಿ 326 ಹಳ್ಳಿಗಳಲ್ಲಿ ಹಳ್ಳಿ ವೈದ್ಯರಿಗೆ (ಪೂರ್ತಿ ಎಂಬಿಬಿಎಸ್ ಓದಿದವರಲ್ಲ) ಬಿಪಿ ನಿಭಾಯಿಸುವ ತರಬೇತಿ ಕೊಟ್ಟು ನೋಡಿದರು. ಒಂದೂವರೆ ವರ್ಷದಲ್ಲಿ ಹತೋಟಿಗೆ ಬಂದವರು ಶೇ 57, ಮಾಮೂಲಿ ಆರೈಕೆಯ ಹಳ್ಳಿಗಳಲ್ಲಿ ಶೇ 19.9. ಮೂರು ವರ್ಷಕ್ಕೆ ಹೃದಯಾಘಾತ, ಪಾರ್ಶ್ವವಾಯು ಮುಂತಾದವೂ ಮೂರನೇ ಒಂದು ಭಾಗ ಕಡಿಮೆ.

ಪ್ರಶ್ನೆಚಿಹ್ನೆ ಅವರೇ, ‘ಡಾಕ್ಟರ್ ಕೊಡಿ’ ಅಂತೀರಿ. ಎಷ್ಟು ಕೆಲಸಕ್ಕೆ ಡಾಕ್ಟರೇ ಬೇಕು ಅನ್ನೋದೂ ಒಂದು ಸಂಶೋಧನೆಯ ಪ್ರಶ್ನೆ.

ಉಪ್ಪುಸಕ್ಕರೆ:
ಓಆರ್‌ಎಸ್ (ಭೇದಿ ಆದವರಿಗೆ ಕುಡಿಸೋ ಉಪ್ಪುಸಕ್ಕರೆ ನೀರು) ಬಗ್ಗೆ ಯಾರೂ ಹೇಳಿಲ್ಲ ಅಂತ ಬಂದೆ. 1968ರಲ್ಲಿ ಢಾಕಾದ ಲ್ಯಾಬಿನಲ್ಲಿ ಸಾಬೀತಾಯ್ತು. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಬಂದು ಡ್ರಿಪ್ ಬಾಟಲಿ ಮುಗಿದಾಗ ಡಾಕ್ಟರ್ ದಿಲೀಪ್ ಮಹಲನಬೀಸ್ ಡ್ರಮ್ಮಿನಲ್ಲಿ ದ್ರಾವಣ ಕಲಸಿ ಕುಡಿಸಿದ್ರು. ಸಾವು ಶೇ 30ರ ಆಸುಪಾಸಿನಿಂದ 3.6ಕ್ಕೆ ಬಂತು. ಇದು ಎಲ್ಲರೂ ಹೇಳೋ ಕಥೆ.

ನನಗೆ ಇಷ್ಟ ಆಗೋದು ಅದರ ಮುಂದಿನ ಭಾಗ. ಬಾಂಗ್ಲಾದೇಶದ ಬ್ರಾಕ್ ಸಂಸ್ಥೆ 1980ರಿಂದ ಹತ್ತು ವರ್ಷ ಮನೆಮನೆಗೆ ಹೋಗಿ, ಸುಮಾರು 1.2 ಕೋಟಿ ಮನೆಗಳಲ್ಲಿ ತಾಯಂದಿರಿಗೆ ಕಲಿಸ್ತು. ಚಿಟಿಕೆ ಉಪ್ಪು, ಹಿಡಿ ಬೆಲ್ಲ, ಇಷ್ಟು ನೀರು. ಕಲಿಸುವವರಿಗೆ ಸಂಬಳ ಎಷ್ಟು ಮನೆ ಸುತ್ತಿದ್ರು ಅನ್ನೋದರ ಮೇಲಲ್ಲ. ಆಮೇಲೆ ಬೇರೆಯವರು ಹೋಗಿ ಕೇಳಿದಾಗ ತಾಯಂದಿರಿಗೆ ಎಷ್ಟು ನೆನಪಿದೆ ಅನ್ನೋದರ ಮೇಲೆ! ನಮ್ಮ ಕಡೆ ರಿಪೋರ್ಟಿನಲ್ಲಿ ‘ತರಬೇತಿ ನೀಡಲಾಯಿತು’ ಅಂತ ಬರೆದು ಸಹಿ ಹಾಕಿಬಿಡ್ತಾರೆ.

ಸಾಮಾನ್ಯ_ಸದಸ್ಯೆ:
ನಾನು ವೈದ್ಯಳಲ್ಲ. ಒಂದು ಎಥಿಕ್ಸ್ ಕಮಿಟಿಯಲ್ಲಿ (ಸಂಶೋಧನೆ ನೀತಿಬದ್ಧವಾಗಿದೆಯಾ ಅಂತ ನೋಡುವ ಸಮಿತಿ) ಜನಸಾಮಾನ್ಯರ ಪ್ರತಿನಿಧಿ. ಮೀಟಿಂಗಿನಲ್ಲಿ ನನ್ನನ್ನು ಹೆಚ್ಚಾಗಿ ಕೇಳುವುದು ‘ಒಪ್ಪಿಗೆ ಪತ್ರದ ಕನ್ನಡ ಸರಿ ಇದೆಯಾ ಮೇಡಂ’ ಅಂತ. ಸರಿ ಇರುವುದಿಲ್ಲ. ‘ಯಾದೃಚ್ಛಿಕವಾಗಿ ನಿಯೋಜಿಸಲಾಗುವುದು’ ಅಂತ ಇರುತ್ತೆ. ‘ಚೀಟಿ ಎತ್ತಿದ ಹಾಗೆ’ ಅಂತ ಬರೆಯಿರಿ ಅಂತೀನಿ.

ಹೊರಬಾಗಿಲು ಅವರ ಕೊನೆಯ ಮಾತಿಗೆ ಯಾರೂ ಉತ್ತರಿಸಿಲ್ಲ. ಊರಿನವರಿಗೆ ಫಲಿತಾಂಶ ಹೇಳಲಿಲ್ಲ ಅನ್ನೋದು. ಮನುಷ್ಯರ ಮೇಲೆ ನಡೆಯುವ ವೈದ್ಯಕೀಯ ಸಂಶೋಧನೆಯ ನೀತಿನಿಯಮ ಹೇಳುವ 1964ರ ಹೆಲ್ಸಿಂಕಿ ಘೋಷಣೆ ಹಲವು ಸಲ ಪರಿಷ್ಕಾರ ಆಗಿದೆ. ಅದರ 2013ರ ಆವೃತ್ತಿಯಲ್ಲಿ ಸ್ಪಷ್ಟವಾಗಿದೆ: ಪಾಲ್ಗೊಂಡವರಿಗೆ ಅಧ್ಯಯನದ ಒಟ್ಟಾರೆ ಫಲಿತಾಂಶ ತಿಳಿದುಕೊಳ್ಳುವ ಆಯ್ಕೆ ಕೊಡಬೇಕು. ಟ್ರಯಲ್‌ನಲ್ಲಿ ಉಪಯುಕ್ತ ಅಂತ ಕಂಡ ಚಿಕಿತ್ಸೆ ಇನ್ನೂ ಬೇಕಾದವರಿಗೆ ಮುಂದೆಯೂ ಸಿಗುವ ಏರ್ಪಾಡನ್ನು ಟ್ರಯಲ್ ಶುರುವಾಗುವ ಮೊದಲೇ ಮಾಡಿರಬೇಕು.

ಹೇಳದೆ ಹೋದರೆ ಏನಾಗುತ್ತೆ ಅನ್ನೋದಕ್ಕೆ ಹವಾಸುಪಾಯ್ ಜನರ ಕಥೆ. ಅಮೆರಿಕದ ಗ್ರ್ಯಾಂಡ್ ಕ್ಯಾನಿಯನ್ ಕಣಿವೆಯೊಳಗಿನ ಸಣ್ಣ ಬುಡಕಟ್ಟು. ತಮ್ಮಲ್ಲಿ ಸಕ್ಕರೆ ಕಾಯಿಲೆ ಯಾಕಿಷ್ಟು ಅಂತ ತಿಳಿಯುವ ಆಸೆಯಿಂದ 1990ರಿಂದ ವಿಶ್ವವಿದ್ಯಾಲಯದವರಿಗೆ ರಕ್ತ ಕೊಟ್ಟರು. ಅದೇ ರಕ್ತವನ್ನು ಸ್ಕಿಜೋಫ್ರೇನಿಯಾ, ರಕ್ತಸಂಬಂಧದ ಮದುವೆ, ಅವರ ಪೂರ್ವಿಕರು ಎಲ್ಲಿಂದ ವಲಸೆ ಬಂದರು ಅನ್ನೋ ಅಧ್ಯಯನಗಳಿಗೂ ಬಳಸಿದರು. ಗೊತ್ತಾದ ಮೇಲೆ ಕೋರ್ಟಿಗೆ ಹೋದರು. 2010ರಲ್ಲಿ ರಾಜಿಯಾಗಿ ಪರಿಹಾರದ ಜೊತೆ ಉಳಿದ ರಕ್ತದ ಮಾದರಿಗಳನ್ನೂ ವಾಪಸ್ ಪಡೆದರು. ದಕ್ಷಿಣ ಆಫ್ರಿಕಾದ ಸಾನ್ ಜನ ಇನ್ನೂ ಮುಂದೆ ಹೋಗಿ 2017ರಲ್ಲಿ ಸಂಶೋಧಕರಿಗೆ ತಾವೇ ನಿಯಮಾವಳಿ ಬರೆದು ಕೈಗಿಟ್ಟರು. ಗೌರವ, ಪ್ರಾಮಾಣಿಕತೆ, ನ್ಯಾಯ, ಕಾಳಜಿ. ‘ಕೊಟ್ಟ ಮಾತಿನಂತೆ ವಾಪಸ್ ಬಂದು ಹೇಳಿ’ ಅನ್ನೋದೂ ಅದರಲ್ಲಿದೆ.

ಹೊರಬಾಗಿಲು, ಒಂದು ಎಚ್ಚರಿಕೆ. ಆ ನೋಟ್‌ಬುಕ್ಕು ಇನ್ನೂ ನಿಮ್ಮ ಹತ್ತಿರ ಇದ್ದರೆ ವಾಪಸ್ ಕೊಡಿ. ಕಾಳಜಿಯಿಂದಲೇ ಇಟ್ಟುಕೊಂಡಿದ್ದರೂ ಅದು ಇನ್ನೊಬ್ಬರ ಆರೋಗ್ಯದ ಮಾಹಿತಿ. ಅವರ ಮನೆಗೆ ಹೋಗುವುದಾದರೆ ಅಧ್ಯಯನದ ಮುಖ್ಯಸ್ಥರಿಗೆ ತಿಳಿಸಿ ಹೋಗಿ.

ಪ್ರಶ್ನೆಚಿಹ್ನೆ:
ನನ್ನ ಮೊದಲ ಕಾಮೆಂಟಿನಲ್ಲಿ ಅರ್ಧ ವಾಪಸ್ ತಗೋತೀನಿ. ಉಳಿದ ಅರ್ಧ ಇಟ್ಕೋತೀನಿ. ನೀವು ಕೊಟ್ಟ ಉದಾಹರಣೆಗಳೆಲ್ಲ ಗೆದ್ದ ಕುದುರೆಗಳು. ಪೇಪರ್ ಆಗಿ ಕಪಾಟು ಸೇರಿದವು ಎಷ್ಟೋ?

ಸಂಜೆ_ಒಪಿಡಿ:
ಒಪ್ಪಿದೆ. ಸಂಶೋಧನೆ ರೂಢಿಗೆ ಬರಲು 17 ವರ್ಷ ಹಿಡಿಯುತ್ತೆ ಅಂತ 2000ನೇ ಇಸವಿಯಲ್ಲಿ ಬಾಲಸ್ ಮತ್ತು ಬೋರೆನ್ ಹಾಕಿದ ಲೆಕ್ಕವನ್ನು ಎಲ್ಲ ಭಾಷಣದಲ್ಲೂ ಹೇಳುತ್ತೇವೆ. ಭಾಷಣ ಮುಗಿಸಿ ಹದಿನೆಂಟನೇ ವರ್ಷಕ್ಕೆ ಕಾಲಿಡುತ್ತೇವೆ.

ಹೊರಬಾಗಿಲು:
ಹತ್ತು ದಿನ ಆಯ್ತು, ಕ್ಷಮಿಸಿ. ಎಲ್ಲವನ್ನೂ ಎರಡೆರಡು ಸಲ ಓದಿದೆ.

ಸಾಮಾನ್ಯ_ಸದಸ್ಯೆ ಅವರೇ, ನೋಟ್‌ಬುಕ್ಕುಗಳನ್ನು ಕೊನೆಯ ದಿನವೇ ಎಣಿಸಿ ಒಪ್ಪಿಸಿದ್ದೆ. ಹೆಸರುಗಳು ತಲೆಯಲ್ಲಿ ಉಳಿದಿದ್ದವು ಅಷ್ಟೇ. ನಮ್ಮ ಮುಖ್ಯಸ್ಥರಿಗೆ ಬರೆದೆ. ಬೈತಾರೆ ಅಂದುಕೊಂಡಿದ್ದೆ, ಬೈಯಲಿಲ್ಲ. ‘ಅರ್ಧ ಪುಟದಲ್ಲಿ ನೀವೇ ಬರೆದು ಕಳಿಸಿ, ನೋಡ್ತೀನಿ’ ಅಂದರು. ಬರೆದೆ. ಎರಡು ಸಲ ತಿದ್ದಿ ಬಂತು. ಎರಡನೇ ಸಲ ‘ಯಾದೃಚ್ಛಿಕ’ ಸೇರಿಕೊಂಡಿತ್ತು. ‘ಚೀಟಿ ಎತ್ತಿದ ಹಾಗೆ’ ಅಂತ ಮತ್ತೆ ತಿದ್ದಿ ಕಳಿಸಿದೆ, ಒಪ್ಪಿದರು.

ಅಲ್ಲಿನ ಆರೋಗ್ಯ ಕಾರ್ಯಕರ್ತೆಯ ಜೊತೆ ಹೋಗಿ ಒಂದು ಊರಿನಲ್ಲಿ ಓದಿ ಹೇಳಿದ್ದಾಯ್ತು. ಹೆಚ್ಚು ಜನ ಇರಲಿಲ್ಲ. ಅತ್ತೆಯನ್ನು ನೋಡಿಕೊಳ್ಳುತ್ತಿದ್ದಾಕೆ ಬಂದಿದ್ದಳು. ಅತ್ತೆ ತೀರಿಕೊಂಡು ನಾಲ್ಕು ತಿಂಗಳಂತೆ. ಅಜ್ಜನ ಮನೆಗೆ ನಾವೇ ಹೋದೆವು. ಈ ಸಲ ದೊಡ್ಡ ಪಟ್ಟಿ ಕೇಳಿ ಇಸಕೊಂಡು ಹೋಗಿದ್ದೆ. ಬಿಪಿ ಹೆಚ್ಚೇ ಇತ್ತು. ಆರೋಗ್ಯ ಕಾರ್ಯಕರ್ತೆ ಚೀಟಿ ಬರೆದುಕೊಟ್ಟಳು.

ಅರ್ಧ ಪುಟವನ್ನು ಅಜ್ಜ ನನ್ನ ಕೈಯಿಂದ ಎರಡು ಸಲ ಓದಿಸಿದರು. ಆಮೇಲೆ ಕೇಳಿದರು, ‘ಎಲ್ಲಾ ಸರಿ ಕಣವ್ವ, ಚೀಟಿ ಎತ್ತಿದಾಗ ನನಗೆ ಯಾವ ಮಾತ್ರೆ ಬಂದಿತ್ತು?’

ನನಗೆ ಗೊತ್ತಿಲ್ಲ. ಗೊತ್ತಿರಬಾರದು ಅಂತಲೇ ವ್ಯವಸ್ಥೆ ಮಾಡಿದ್ದು. ಟ್ರಯಲ್ ಮುಗಿದಿದೆಯಲ್ಲ, ಈಗ ಹೇಳಬಹುದಾ ಅಂತ ಆಫೀಸಿಗೆ ಮತ್ತೆ ಮೇಲ್ ಹಾಕಿದ್ದೇನೆ. ಹತ್ತೊಂಬತ್ತು ಜನರಿಗೂ ಸೇರಿಸಿ ಕೇಳಿದ್ದೇನೆ.